ಉಗಾಂಡಾದ ಹಳ್ಳಿಯ ಹೊಲಿಗೆ ಸಂಘಕ್ಕೆ ಕೈಜೋಡಿಸಲು ಹೊರಟವರಿಗೆ

ಹೊಲಿಗೆ ಬರುತ್ತದೆ, ಒಂದಷ್ಟು ಬಿಡುವಿದೆ, ಆಫ್ರಿಕಾದ ಹಳ್ಳಿಯೊಂದರ ಹೆಂಗಸರ ಸಂಘದಲ್ಲಿ ಸ್ವಲ್ಪ ದಿನ ಕೆಲಸ ಮಾಡಬೇಕು ಅಂತಿದೆ, ಹೇಗೆ ಹೋಗುವುದು? ಇತ್ತೀಚೆಗೆ ಇದನ್ನು ನನ್ನ ಹತ್ತಿರ ಕೇಳುವವರು ಜಾಸ್ತಿಯಾಗಿದ್ದಾರೆ. ನಾನು ಹುಬ್ಬಳ್ಳಿಯಲ್ಲಿ ಬಹಳ ವರ್ಷ ಹೊಲಿಗೆ ಕಲಿಸಿದವಳು. ಮಗಳ ಸಂಸಾರ ಕಂಪಾಲಾದಲ್ಲಿದೆ. ಅಲ್ಲಿಗೆ ಹೋದಾಗಲೆಲ್ಲ ಮಸಾಕಾ ಕಡೆಯ ಒಂದು ಹಳ್ಳಿಯ ಸಂಘದ ಜೊತೆ ಕೂತು ಕೆಲಸ ಮಾಡುತ್ತೇನೆ. ಹಾಗಾಗಿ ಇಲ್ಲಿ ಬರೆದದ್ದು ದಕ್ಷಿಣ ಉಗಾಂಡಾದ, ಲುಗಾಂಡಾ ಮಾತಾಡುವ ಸೀಮೆಯ ಮಾತು. ಘಾನಾಕ್ಕೋ ಮಲಾವಿಗೋ ಹೊರಟವರಿಗೆ ಎಲ್ಲವೂ ಹೊಂದಲಿಕ್ಕಿಲ್ಲ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಆ ಹೆಂಗಸರಿಗೆ ಹೊಲಿಗೆ ಬರುತ್ತದೆ. ನನಗಿಂತ ಚೆನ್ನಾಗಿ ಬರುವವರು ಅಲ್ಲಿದ್ದಾರೆ. ಮದುವೆ ಮಾತುಕತೆಗೆ, ಚರ್ಚಿಗೆ, ಸಾವಿನ ಮನೆಗೆ ಅವರು ಉಡುವ ಗೊಮೆಸಿಯನ್ನು ಒಮ್ಮೆ ನೋಡಿ. ಚೌಕ ಕೊರಳು, ಭುಜದ ಮೇಲೆ ಮೊನೆಯಾಗಿ ಎದ್ದು ನಿಲ್ಲುವ ತೋಳು, ಎಡಗಡೆ ಎರಡು ಗುಂಡಿ, ಸೊಂಟದ ಕೆಳಗೆ ಬಿಗಿಯುವ ಅಗಲ ಪಟ್ಟಿ. ಆ ತೋಳು ನೆಟ್ಟಗೆ ನಿಲ್ಲುವ ಹಾಗೆ ಕೂರಿಸುವುದು ಸುಲಭದ ಕೆಲಸ ಅಲ್ಲ. ಸುಮಾರು 1905ರಲ್ಲಿ, ಗಯಾಜಾದ ಹೆಣ್ಣುಮಕ್ಕಳ ಶಾಲೆಗಾಗಿ ಗೋಮ್ಸ್ ಎಂಬ ಗೋವಾದ ದರ್ಜಿ ಹೊಲಿದ ಉಡುಪಿನಿಂದ ಇದು ಬೆಳೆದು ಬಂತು. ನಮ್ಮ ಪಕ್ಕದ ಊರಿನ ಕತ್ತರಿ ಅಷ್ಟು ದೂರ ಹೋಗಿ ಅವರದೇ ಆಯಿತು. ನನಗೆ ಅದನ್ನು ಕಲಿಸಿದ್ದು ಸಂಘದ ಒಬ್ಬ ಅಜ್ಜಿ.

ಹಾಗಾದರೆ ನಾವು ಹೋಗುವುದು ಯಾಕೆ? ಕೆಟ್ಟು ಕೂತ ಮೆಷಿನ್ ರಿಪೇರಿಗೆ, ಬಿಡಿಭಾಗಕ್ಕೆ, ಎಲ್ಲ ಸೈಜಿಗೂ ಒಂದೇ ಥರ ಬರುವ ಪ್ಯಾಟರ್ನಿಗೆ, ದರ ಕಟ್ಟುವ ಲೆಕ್ಕಕ್ಕೆ. ಕೇಳಿದರೆ ಹೆಚ್ಚಿನ ಸಂಘಗಳು ಹೇಳುವುದು ಇವನ್ನೇ. ಹೊಸ ಡಿಸೈನ್ ಕಲಿಸುತ್ತೇನೆ ಅಂತ ಹೊರಟವರು ಈ ನಾಲ್ಕನ್ನು ಮೊದಲು ಕಲಿತು ಹೋಗಿ.

ಸಂಘ ಹುಡುಕುವುದು

ಹೊಲಿಗೆ ಹೆಸರಿನಲ್ಲಿ ಅಲ್ಲಿ ಮೂರು ಥರದ ಜಾಗಗಳಿವೆ. ಒಂದು, ಶಾಲೆ. ಉತ್ತರದ ಗುಲು ಪಟ್ಟಣದ ಸೇಂಟ್ ಮೋನಿಕಾ ಹೊಲಿಗೆ ಶಾಲೆ ಬಹಳ ಹೆಸರಾದದ್ದು. ಎಲ್‌ಆರ್‌ಎ (ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ) ಎಂಬ ಬಂಡುಕೋರರು ಹೊತ್ತೊಯ್ದು, ತಪ್ಪಿಸಿಕೊಂಡು ಬಂದ ಹುಡುಗಿಯರಿಗೆ ಸಿಸ್ಟರ್ ರೋಸ್‌ಮೇರಿ ನ್ಯಿರುಂಬೆ ಅಲ್ಲಿ ಹೊಲಿಗೆ ಕಲಿಸಿ ಬದುಕು ಕೊಟ್ಟರು. 2014ರಲ್ಲಿ ಟೈಮ್ ಪತ್ರಿಕೆಯ ನೂರು ಪ್ರಭಾವಿಗಳ ಪಟ್ಟಿಯಲ್ಲಿ ಅವರ ಹೆಸರಿತ್ತು. ಎರಡನೆಯದು, ಕಂಪನಿ. ತೊಳೆದು ಮತ್ತೆ ಬಳಸುವ ಮುಟ್ಟಿನ ಪ್ಯಾಡ್ ಮಾಡುವ ಆಫ್ರಿಪ್ಯಾಡ್ಸ್ ಶುರುವಾದದ್ದು ಮಸಾಕಾ ಹತ್ತಿರದ ಹಳ್ಳಿಯಲ್ಲೇ, ಅಲ್ಲಿ ಹೆಂಗಸರು ಸಂಬಳಕ್ಕೆ ದುಡಿಯುತ್ತಾರೆ. ಮೂರನೆಯದು ಸಂಘ. ಮೆಷಿನ್ ಅವರದು, ದುಡ್ಡು ಅವರದು, ತೀರ್ಮಾನವೂ ಅವರದು. ನಾನು ಹೇಳುತ್ತಿರುವುದು ಈ ಮೂರನೆಯದರ ಬಗ್ಗೆ.

ಸಂಘ ಅಂತ ಹೇಳಿಕೊಂಡು ಒಬ್ಬರ ಜೇಬಿಗೆ ನಡೆಯುವುದೂ ಉಂಟು. ಹೋಗುವ ಮೊದಲು ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ. ಮೆಷಿನ್‌ಗಳು ಯಾರ ಹೆಸರಿನಲ್ಲಿವೆ? ಅಂಗಿಯ ದರ ಯಾರು ಕಟ್ಟುತ್ತಾರೆ? ಹಿಂದೆ ಬಂದು ಹೋದ ಸ್ವಯಂಸೇವಕರ ಕೆಲಸದಲ್ಲಿ ಈಗಲೂ ನಡೆಯುತ್ತಿರುವುದು ಯಾವುದು? ಇವನ್ನು ಮಧ್ಯದವರ ಹತ್ತಿರ ಕೇಳಬೇಡಿ. ಸಂಘದ ಅಧ್ಯಕ್ಷೆ ಅಥವಾ ಕಾರ್ಯದರ್ಶಿ ಹತ್ತಿರವೇ ಕೇಳಿ. ವಾಟ್ಸಾಪ್ ಅಲ್ಲಿ ಎಲ್ಲ ಕಡೆ ಇದೆ, ಕಾರ್ಯದರ್ಶಿಗೆ ಇಂಗ್ಲಿಷ್ ಬರುವುದು ಸಾಮಾನ್ಯ. ಸಂಘ ನೋಂದಾಯಿಸಿದ ಪ್ರಮಾಣಪತ್ರ ಇದ್ದರೆ ಫೋಟೊ ಕಳಿಸಲು ಹೇಳಿ. ಸಬ್‌ಕೌಂಟಿ ಕಚೇರಿಯ ಸಮುದಾಯ ಅಭಿವೃದ್ಧಿ ಅಧಿಕಾರಿಗೆ ಆ ಸಂಘ ಗೊತ್ತಿರಬೇಕು. ಸ್ವಯಂಸೇವೆ ಮಾಡಿಸುತ್ತೇವೆ ಅಂತ ನಿಮ್ಮಿಂದ ದೊಡ್ಡ ಮೊತ್ತ ಕೇಳುವ ಏಜೆನ್ಸಿ ಸಿಕ್ಕರೆ, ಅದರಲ್ಲಿ ಸಂಘಕ್ಕೆ ಎಷ್ಟು ಸೇರುತ್ತದೆ ಎಂದು ಬರಹದಲ್ಲಿ ಕೇಳಿ. ಉತ್ತರ ಸುತ್ತಿ ಬಳಸಿ ಬಂದರೆ ಅಲ್ಲಿಗೇ ಬಿಟ್ಟುಬಿಡಿ.

ಕಾಗದಪತ್ರ, ಲಸಿಕೆ, ಸಾಮಾನು

ಪ್ರವಾಸಿ ವೀಸಾ ತಗೊಂಡು ಹೋಗಿ ಸಂಘದಲ್ಲಿ ಕೆಲಸಕ್ಕೆ ಕೂರಬೇಡಿ. ಸಂಬಳ ಇಲ್ಲದಿದ್ದರೂ ಅದು ಕೆಲಸವೇ. ನಿಮ್ಮನ್ನು ಕರೆಸುವ ನೋಂದಾಯಿತ ಸಂಸ್ಥೆಯ ಮೂಲಕ ಸ್ಪೆಷಲ್ ಪಾಸ್ ಅಥವಾ ಎಂಟ್ರಿ ಪರ್ಮಿಟ್ ಮಾಡಿಸಿಕೊಳ್ಳಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಟಿಕೆಟ್ ಆಮೇಲೆ ತಗೊಳ್ಳಿ. ಹಳದಿ ಜ್ವರದ ಲಸಿಕೆ ಕಡ್ಡಾಯ. ಅದನ್ನು ಸರಕಾರದ ಮಾನ್ಯತೆ ಇರುವ ಕೇಂದ್ರದಲ್ಲೇ ಹಾಕಿಸಬೇಕು, ಹಾಕಿಸಿದ ಹತ್ತು ದಿನದ ಮೇಲೆ ಕಾರ್ಡು ಊರ್ಜಿತವಾಗುತ್ತದೆ. ಎಂಟೆಬ್ಬೆ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ, ವಾಪಸು ಬರುವಾಗ ನಮ್ಮಲ್ಲೂ ಕೇಳುತ್ತಾರೆ. ಕಾರ್ಡು ಕಳಕೊಂಡರೆ ಇಲ್ಲಿ ಆರು ದಿನದವರೆಗೆ ಕ್ವಾರಂಟೈನಿನಲ್ಲಿ ಕೂರಬೇಕಾಗಬಹುದು. ಮಲೇರಿಯಾ ಜಾಸ್ತಿ ಇರುವ ದೇಶ, ತಡೆ ಮಾತ್ರೆ ಯಾವುದು ಅಂತ ವೈದ್ಯರ ಹತ್ತಿರ ಬರೆಸಿಕೊಳ್ಳಿ. ಸೊಳ್ಳೆಪರದೆ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ.

ಇನ್ನು ಪೆಟ್ಟಿಗೆ. ಹಳೇ ಬಟ್ಟೆ ತುಂಬಿಕೊಂಡು ಹೋಗಬೇಡಿ, ದಯವಿಟ್ಟು. ಹೊರದೇಶಗಳಿಂದ ಮೂಟೆಗಟ್ಟಲೆ ಬರುವ ಹಳೇ ಬಟ್ಟೆಗೆ ಅಲ್ಲಿ ಮಿವುಂಬಾ ಎನ್ನುತ್ತಾರೆ. ಸಂತೆಯಲ್ಲಿ ಒಂದು ಅಂಗಿ ಹೊಸ ಬಟ್ಟೆಯ ಬೆಲೆಗಿಂತ ಅಗ್ಗಕ್ಕೆ ಸಿಗುತ್ತದೆ. ಊರಿನ ದರ್ಜಿಗಳ ಹೊಟ್ಟೆ ಮೇಲೆ ಹೊಡೆದದ್ದು ಇದೇ. ಸಾದಾ ಅಂಗಿ, ಪ್ಯಾಂಟು ಹೊಲಿದು ಬದುಕಲು ಆಗುವುದಿಲ್ಲ ಅಂತಲೇ ಸಂಘಗಳು ಸಮವಸ್ತ್ರ, ಗೊಮೆಸಿ, ರಿಪೇರಿ ಕಡೆ ತಿರುಗಿರುವುದು.

ಒಯ್ಯಬೇಕಾದ್ದು ಸಣ್ಣ ಸಾಮಾನು. ಅಲ್ಲಿಯ ಕಾಲಿನ ಮೆಷಿನ್‌ಗಳಲ್ಲಿ ಬಟರ್‌ಫ್ಲೈ, ಸಿಂಗರ್ ಜಾಸ್ತಿ. ಕಪ್ಪು ಬಟರ್‌ಫ್ಲೈ ನಮ್ಮ ಲೂಧಿಯಾನಾ ಮೆಷಿನ್‌ಗಳ ಜಾತಿಯದೇ. ಹಾಗಾಗಿ ನಮ್ಮ ಪೇಟೆಯಲ್ಲಿ ಸಿಗುವ ಎಚ್‌ಎ×1 ಸೂಜಿ, ಬಾಬಿನ್, ಬಾಬಿನ್ ಕೇಸ್ ಅದಕ್ಕೆ ಸರಿಯಾಗಿ ಕೂರುತ್ತವೆ. ಸೂಜಿ 11, 14, 16, 18 ನಂಬರು ಎಲ್ಲ ಇರಲಿ, 14 ಮತ್ತು 16 ಹೆಚ್ಚಿರಲಿ. ಚರ್ಮದ ಬೆಲ್ಟು, ಅದರ ಕ್ಲಿಪ್ಪು, ಎರಡು ಅಳತೆಯ ಸ್ಕ್ರೂಡ್ರೈವರ್, ಗಟ್ಟಿ ಬ್ರಷ್, ಅಳತೆ ಟೇಪು ತಗೊಳ್ಳಿ. ಸಂಘದಲ್ಲಿ ಕರೆಂಟಿನಲ್ಲಿ ಓಡುವ ದೊಡ್ಡ ಜೂಕಿ ಮೆಷಿನ್ ಇದೆಯಾ ಎಂದು ಮೊದಲೇ ಕೇಳಿ. ಅದಕ್ಕೆ ಡಿಬಿ×1 ಸೂಜಿ, ಬಾಬಿನ್ನೂ ಬೇರೆ. ಕತ್ತರಿ ಕೈಚೀಲದಲ್ಲಿ ಬೇಡ, ಲಗೇಜಿಗೆ ಹಾಕಿ. ಎಣ್ಣೆ ಕಂಪಾಲಾದಲ್ಲೇ ಸಿಗುತ್ತದೆ.

ಊರಿನೊಳಗೆ ಕಾಲಿಡುವಾಗ

ಮೊದಲು ಊರಿನ ಎಲ್‌ಸಿ ಒನ್ ಅಧ್ಯಕ್ಷರನ್ನು ಕಂಡು ಬನ್ನಿ. ಹಳ್ಳಿ ಮಟ್ಟದ ಮುಖಂಡರು ಅವರು, ಹೊಸಬರು ಬಂದಿದ್ದಾರೆ ಎಂದು ಅವರಿಗೆ ತಿಳಿದಿರಬೇಕು. ಕಾರ್ಯದರ್ಶಿ ಕರೆದುಕೊಂಡು ಹೋಗುತ್ತಾರೆ.

ನಾವು ಭಾರತದವರು ಅಲ್ಲಿ ಸುಮ್ನೆ ಒಬ್ಬ ಅತಿಥಿ ಅಲ್ಲ, ಇದು ನೆನಪಿರಲಿ. ನಮ್ಮನ್ನು ಕಂಡ ಕೂಡಲೇ ಮಕ್ಕಳು ಮುಯಿಂಡಿ, ಅಂದರೆ ಭಾರತದವರು, ಅಂತ ಕೂಗುತ್ತಾರೆ. ಅಂಗಡಿ, ಕಾರ್ಖಾನೆ, ಕಬ್ಬಿನ ತೋಟದ ಮಾಲೀಕರಾಗಿ ಭಾರತದವರನ್ನು ಆ ದೇಶ ಬಹಳ ಕಾಲದಿಂದ ನೋಡಿದೆ. 1972ರಲ್ಲಿ ಇದಿ ಅಮೀನ್ ತೊಂಬತ್ತು ದಿನದಲ್ಲಿ ದೇಶ ಬಿಡಿ ಎಂದು ಅವರನ್ನೆಲ್ಲ ಓಡಿಸಿದ. ಮುಂದೆ ಎಷ್ಟೋ ಮನೆತನಗಳು ಮರಳಿ ಬಂದವು. ಕಂಪಾಲಾದ ಬಟ್ಟೆ ಅಂಗಡಿಗಳಲ್ಲಿ ಗಲ್ಲೆಯ ಮೇಲೆ ಇವತ್ತೂ ನಮ್ಮವರೇ ಕೂತಿರುವುದು ಕಾಣುತ್ತದೆ. ಹಾಗಾಗಿ ನೀವು ಟೇಪು ಹಿಡಿದು ಓಡಾಡಿದರೆ ಹೊಸ ಯಜಮಾನಿ ಬಂದಳು ಎಂದು ಸುಲಭವಾಗಿ ಅನಿಸುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ ಒಂದೇ. ಮೊದಲ ವಾರ ಯಾವ ಸಲಹೆಯನ್ನೂ ಕೊಡದೆ, ಅವರು ಹೇಳಿದ ಕೆಲಸ ಮಾಡುವುದು. ಗುಂಡಿ ಹಚ್ಚಿ, ಕಾಜ ಮಾಡಿ, ಅಂಚು ಮಡಚಿ. ನಿಮ್ಮ ಕೈ ನೋಡಿ ಅವರೇ ಮುಂದಿನ ಕೆಲಸ ಕೊಡುತ್ತಾರೆ.

ಹೋದ ಕೂಡಲೇ ಕುರ್ಚಿ ತಂದು ಹಾಕುತ್ತಾರೆ. ನಾನೂ ಚಾಪೆ ಮೇಲೇ ಕೂರುತ್ತೇನೆ ಅಂತ ಹಟ ಮಾಡಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಆಮೇಲೆ ಮೆಷಿನ್ ಕಡೆ ಹೋದರಾಯಿತು. ಬುಗಾಂಡಾದ, ಅಂದರೆ ಲುಗಾಂಡಾ ಮಾತಾಡುವ ಈ ಸೀಮೆಯ, ಹೆಂಗಸರು ಮಂಡಿಯೂರಿ ಕುಶಲ ಕೇಳುತ್ತಾರೆ. ನಮಗೆ ಮೊದಮೊದಲು ಮುಜುಗರ ಆಗುತ್ತದೆ, ಅಲ್ವಾ? ಎಬ್ಬಿಸಲು ಹೋಗಬೇಡಿ. ಅದು ಅವರ ಮರ್ಯಾದೆಯ ರೀತಿ. ಬಗ್ಗಿ, ಅಷ್ಟೇ ನಿಧಾನವಾಗಿ ಉತ್ತರ ಕೊಡಿ. ದೊಡ್ಡ ಹೆಂಗಸರಿಗೆ ನ್ಯಾಬೊ ಎನ್ನಿ, ಅಜ್ಜಿಯರಿಗೆ ಜಾಜಾ ಎನ್ನಿ. ಕೆಲಸ ಮಾಡುತ್ತಿರುವವರ ಪಕ್ಕ ಹಾದು ಹೋಗುವಾಗ ಗ್ಯೆಬಲೆ ಕೊ (ಒಳ್ಳೇ ಕೆಲಸ ಮಾಡುತ್ತಿದ್ದೀರಿ ಎಂಬ ಮೆಚ್ಚುಗೆಯ ಮಾತು) ಎಂದು ಹೇಳದೆ ಮುಂದೆ ಹೋಗಬೇಡಿ.

ಬೆಳಗ್ಗೆ ಯಾರೂ ಹೊಲಿಗೆಗೆ ಬರುವುದಿಲ್ಲ. ಎಲ್ಲರೂ ಹೊಲದಲ್ಲಿರುತ್ತಾರೆ. ಮಾರ್ಚಿನಿಂದ ಮೇವರೆಗೆ ಒಂದು ಮಳೆಗಾಲ, ಸೆಪ್ಟೆಂಬರಿನಿಂದ ಇನ್ನೊಂದು. ಬಿತ್ತನೆ ಹೊತ್ತಿನಲ್ಲಿ ಮಧ್ಯಾಹ್ನವೂ ಒಬ್ಬಿಬ್ಬರೇ ಬರಬಹುದು. ಊರಲ್ಲಿ ಸಾವಾದರೆ ಮೆಷಿನ್ ಮುಚ್ಚಿ ಎಲ್ಲರೂ ಮಣ್ಣಿಗೆ ಹೋಗುತ್ತಾರೆ, ನೀವೂ ಹೋಗಿ. ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯದೆ ದಿನಕ್ಕಿಷ್ಟು ಪಾಠ ಅಂತ ವೇಳಾಪಟ್ಟಿ ಹಾಕಿಕೊಂಡು ಬಂದವರು ಬರೀ ಸಿಟ್ಟು ಮಾಡಿಕೊಂಡು ವಾಪಸಾಗುತ್ತಾರೆ.

ಒಂದು ಮಾತು ಮಾತ್ರ ಬಹಳ ಎಚ್ಚರದಿಂದ ಕೇಳಿಸಿಕೊಳ್ಳಿ. ಏಡ್ಸ್ ರೋಗ ಉಗಾಂಡಾದಲ್ಲಿ ಮೊದಲು ಕಂಡದ್ದು ಈ ಸೀಮೆಯಲ್ಲೇ. ವಿಕ್ಟೋರಿಯಾ ಸರೋವರದ ದಡದ ಕಸೆನ್ಸೆರೊ ಎಂಬ ಮೀನುಗಾರರ ಊರಿನಲ್ಲಿ, 1982ರಲ್ಲಿ. ಒಂದು ತಲೆಮಾರೇ ಹೋಯಿತು. ಅಜ್ಜಿಯರು ಮೊಮ್ಮಕ್ಕಳನ್ನು ಸಾಕಿದರು. ಸಂಘಗಳಲ್ಲಿ ವಿಧವೆಯರು, ಅಜ್ಜಿಯರು ಇಷ್ಟೊಂದು ಇರುವುದಕ್ಕೆ ಅದೂ ಒಂದು ಕಾರಣ. ಗಂಡ ಹೇಗೆ ತೀರಿಕೊಂಡರು ಎಂದು ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿ, ಹೊರಗೆ ಹೇಳಬೇಡಿ. ಅವರ ಮುಖದ ಫೋಟೊ ಹಾಕಿ, ಕೆಳಗೆ ಅವರ ದುಃಖ ಬರೆದು ಚಂದಾ ಎತ್ತುವುದು ನನ್ನ ಪ್ರಕಾರ ತಪ್ಪು ಕೆಲಸ, ದುಡ್ಡು ಅವರಿಗೇ ಸೇರಿದರೂ.

ಊಟದ ಚಿಂತೆ ಬೇಡ. ಬಾಳೆಕಾಯಿ ಬೇಯಿಸಿ ಜಜ್ಜಿದ ಮತೋಕೆ, ಶೇಂಗಾ ಸಾರು, ಬೀನ್ಸ್, ಚಪಾತಿ ಎಲ್ಲ ಸಿಗುತ್ತವೆ. ಸಸ್ಯಾಹಾರಿಗಳು ಶೇಂಗಾ ಸಾರಿನಲ್ಲಿ ಮುಕೆನೆ ಹಾಕಿದ್ದೀರಾ ಅಂತ ಕೇಳಿಕೊಳ್ಳಿ. ಅದು ಸಣ್ಣ ಒಣಮೀನು, ಪುಡಿಯಾಗಿದ್ದರೆ ಕಣ್ಣಿಗೆ ಕಾಣುವುದಿಲ್ಲ.

ಮೆಷಿನ್

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಇದು. ಮೂಲೆಯಲ್ಲಿ ಬಟ್ಟೆ ಹೊದಿಸಿ ಇಟ್ಟ ಮೆಷಿನ್ ಕಂಡರೆ ಕೇಳಿ. ಕೆಟ್ಟಿದೆ ಅನ್ನುತ್ತಾರೆ. ಬಹಳ ಸಲ ಅದು ಕೆಟ್ಟಿರುವುದಿಲ್ಲ.

ಸಾಮಾನ್ಯ ದೂರು ಎಂದರೆ ಅಡಿಯಲ್ಲಿ ನೂಲು ಗಂಟಾಗುತ್ತದೆ ಅನ್ನುವುದು. ಎಲ್ಲರೂ ಟೆನ್ಷನ್ ಸ್ಕ್ರೂ ತಿರುಗಿಸುತ್ತಾ ಕೂರುತ್ತಾರೆ. ಅದನ್ನು ಮುಟ್ಟಬೇಡಿ. ಮೊದಲು ಮೇಲಿನ ನೂಲು ಸರಿಯಾಗಿ ಪೋಣಿಸಿದೆಯಾ ನೋಡಿ. ಸೂಜಿ ತೆಗೆದು ಹೊಸದು ಹಾಕಿ, ಚಪ್ಪಟೆ ಬದಿ ಯಾವ ಕಡೆ ಬರಬೇಕು ಎಂದು ಆ ಮೆಷಿನ್‌ನಲ್ಲೇ ನೋಡಿಕೊಳ್ಳಿ. ಆಮೇಲೆ ಬಾಬಿನ್ ಕೇಸ್ ತೆಗೆದು, ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ ಒಂದು ಬಟ್ಟಲಿಗೆ ಹಾಕಿ. ಮಣ್ಣಿನ ನೆಲದಲ್ಲಿ ಬಿದ್ದ ಸ್ಕ್ರೂ ಸಿಗುವುದಿಲ್ಲ. ಪ್ಲೇಟಿನ ಕೆಳಗೆ, ಹಲ್ಲುಗಳ ಸಂದಿಯಲ್ಲಿ, ಆ ಸೀಮೆಯ ಕೆಂಪು ಧೂಳು ಮತ್ತು ಬಟ್ಟೆಯ ನಾರು ಸೇರಿ ಕಂಬಳಿಯ ಹಾಗೆ ಗಟ್ಟಿಯಾಗಿರುತ್ತದೆ. ಬ್ರಷ್ಷಿನಿಂದ ಕೆದಕಿದರೆ ಪಟ್ಟಿಪಟ್ಟಿಯಾಗಿ ಬರುತ್ತದೆ. ಶಟಲ್ ಬಿಚ್ಚಿ ಹಿಂದೆ ನೋಡಿ. ಹರಿದ ನೂಲಿನ ತುಂಡು ಸುತ್ತಿಕೊಂಡಿರುತ್ತದೆ, ಸೂಜಿಯ ಮೊನೆಯಿಂದ ಎಳೆದು ತೆಗೆಯಿರಿ. ಶಟಲ್ಲಿನ ಮೊನೆಯ ಮೇಲೆ ಉಗುರು ಆಡಿಸಿ. ಉಗುರಿಗೆ ತಡೆದರೆ ಅಲ್ಲಿ ಗೀರು ಬಿದ್ದಿದೆ, ನಯವಾದ ಎಮರಿ ಕಾಗದದಿಂದ ಮೆಲ್ಲಗೆ ಉಜ್ಜಿ.

ಚಕ್ರ ಬಿಗಿಯಾಗಿ ತಿರುಗುತ್ತಿದ್ದರೆ ಅಡುಗೆ ಎಣ್ಣೆ ಬಿಟ್ಟಿರುವ ಸಾಧ್ಯತೆ ಹೆಚ್ಚು. ಮೆಷಿನ್ ಎಣ್ಣೆ ಸಿಗದಾಗ ಹಾಗೆ ಮಾಡುತ್ತಾರೆ, ಅದು ಒಣಗಿ ಅಂಟಾಗುತ್ತದೆ. ಎಣ್ಣೆ ಬಿಡುವ ತೂತುಗಳಿಗೆಲ್ಲ ಸೀಮೆಎಣ್ಣೆ ಬಿಟ್ಟು, ಬೆಲ್ಟ್ ತೆಗೆದು, ಕೈಯಲ್ಲಿ ಚಕ್ರ ತಿರುಗಿಸುತ್ತಾ ಇರಿ. ಕಪ್ಪು ರಸ ಇಳಿಯುತ್ತದೆ, ಒರೆಸಿ. ಮಾರನೆಯ ದಿನ ಮೆಷಿನ್ ಎಣ್ಣೆ ಒಂದೊಂದೇ ಹನಿ ಬಿಡಿ. ಹಳೇ ಚಿಂದಿಯ ಮೇಲೆ ಹೊಲಿಯುತ್ತಾ ಹೋಗಿ, ಕಲೆ ಬೀಳುವುದು ನಿಂತ ಮೇಲೆ ಒಳ್ಳೇ ಬಟ್ಟೆ ಇಡಿ.

ಮೊದಲ ಮೆಷಿನ್ ನೀವು ಮಾಡಿ ತೋರಿಸಿ. ಎರಡನೆಯದನ್ನು ಅವರು ಬಿಚ್ಚಲಿ, ನೀವು ಕೈ ಹಿಂದೆ ಕಟ್ಟಿಕೊಂಡು ನಿಲ್ಲಿ. ಇಬ್ಬರಾದರೂ ಪೂರ್ತಿ ಕಲಿಯಬೇಕು, ಒಬ್ಬರೇ ಕಲಿತರೆ ಅವರು ಮದುವೆಯಾಗಿ ಬೇರೆ ಊರಿಗೆ ಹೋದ ದಿನ ವಿದ್ಯೆಯೂ ಹೋಗುತ್ತದೆ.

ಸಮವಸ್ತ್ರ ಮತ್ತು ಲೆಕ್ಕ

ಉಗಾಂಡಾದಲ್ಲಿ ಶಾಲೆ ಮೂರು ಅವಧಿ ನಡೆಯುತ್ತದೆ. ಹೊಸ ವರ್ಷದ ಮೊದಲ ಅವಧಿ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಶುರು. ಹಾಗಾಗಿ ಜನವರಿ ಹೊಲಿಗೆಯವರ ಸುಗ್ಗಿ. ನೀವು ಹೋಗುವುದಾದರೆ ಅಕ್ಟೋಬರ್, ನವೆಂಬರಿಗೆ ಹೋಗಿ. ಜನವರಿಯ ಗಡಿಬಿಡಿಯಲ್ಲಿ ಯಾರಿಗೂ ಹೊಸದು ಕಲಿಯಲು ಪುರುಸೊತ್ತಿರುವುದಿಲ್ಲ.

ಆ ಹೊತ್ತಿಗೆ ತಯಾರಿರಬೇಕಾದ್ದು ಪ್ಯಾಟರ್ನ್. ಖಾಲಿ ಸಿಮೆಂಟ್ ಚೀಲದ ಒಳಗಿನ ಕಾಗದ ದಪ್ಪ, ಗಟ್ಟಿ, ಪುಕ್ಕಟೆ. ಧೂಳು ಒರೆಸಿ ಅದರಲ್ಲೇ ಕತ್ತರಿಸಿ. ಎದೆ ಸುತ್ತಳತೆ ಎರಡೆರಡು ಇಂಚು ಏರುವ ಹಾಗೆ ಒಂದು ಸೆಟ್ ಮಾಡಿ, ಒಂದೊಂದು ತುಂಡಿನ ಮೇಲೂ ಸೈಜು, ಮಾರ್ಜಿನ್, ಬಟ್ಟೆಯ ಉದ್ದದ ಗೆರೆ ಬರೆದು ಮೊಳೆಗೆ ತೂಗುಹಾಕಿ. ಕೆಳಗಡೆ ಎರಡು ಇಂಚು ಜಾಸ್ತಿ ಮಡಿಕೆ ಬಿಡಿ. ಮಕ್ಕಳು ಬೆಳೆಯುತ್ತಾರೆ, ತಾಯಂದಿರು ಅದನ್ನು ನೋಡಿಯೇ ತಗೊಳ್ಳುತ್ತಾರೆ.

ದರದ ಲೆಕ್ಕ ಒಟ್ಟಿಗೆ ಕೂತು ಮಾಡಿ. ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ. ಒಂದು ಫ್ರಾಕಿನ ಬಟ್ಟೆಗೆ 12,000 ಶಿಲ್ಲಿಂಗ್, ನೂಲು, ಗುಂಡಿ, ಕಾಲರ್ ಕ್ಯಾನ್ವಾಸಿಗೆ 2,000. ಶಾಲೆ ಕೊಡುವುದು 18,000. ನಾಲ್ಕು ಸಾವಿರ ಉಳಿಯಿತು ಎಂದು ಎಲ್ಲರೂ ಹೇಳುತ್ತಾರೆ. ಆಗ ಕೇಳಿ: ಬಟ್ಟೆ ತರಲು ಪೇಟೆಗೆ ಹೋದ ಟ್ಯಾಕ್ಸಿ ಚಾರ್ಜು? ಇಸ್ತ್ರಿಯ ಇದ್ದಿಲು? ಮುರಿದ ಸೂಜಿ? ಕೋಣೆಯ ಬಾಡಿಗೆ? ಒಂದು ಫ್ರಾಕಿನ ಪಾಲಿಗೆ 1,500 ಬಂತು ಅಂದರೆ ಉಳಿದದ್ದು 2,500. ಹೊಲಿಯಲು ಮೂರು ತಾಸು ಹಿಡಿದರೆ ತಾಸಿಗೆ 850 ಕೂಡ ಇಲ್ಲ. ಇದನ್ನು ನೀವು ಭಾಷಣ ಮಾಡಿ ಹೇಳಬೇಕಿಲ್ಲ. ಬೋರ್ಡಿನ ಮೇಲೆ ಅವರ ಕೈಯಲ್ಲೇ ಬರೆಸಿದರೆ ಸಾಕು. ಮುಂದಿನ ಮಾತು ಅವರೇ ಆಡುತ್ತಾರೆ. ಆರು ಮಡಿಕೆ ಬಟ್ಟೆ ಒಟ್ಟಿಗೆ ಕತ್ತರಿಸಿ, ಒಬ್ಬರು ಬರೀ ಕಾಲರ್, ಒಬ್ಬರು ಬರೀ ತೋಳು ಅಂತ ಹಂಚಿಕೊಂಡರೆ ಮೂರು ತಾಸು ಎರಡಕ್ಕೆ ಇಳಿಯುತ್ತದೆ. ಇಡೀ ಉಡುಪು ನಾನೇ ಹೊಲಿಯುತ್ತೇನೆ ಅನ್ನುವ ಹಿರಿಯರಿಗೆ ಗೊಮೆಸಿ ಕೆಲಸ ಬಿಟ್ಟುಕೊಡಲಿ. ದೊಡ್ಡ ಆರ್ಡರಿಗೆ ಬಟ್ಟೆಯ ದುಡ್ಡು ಮುಂಗಡ ಕೇಳಬೇಕು, ಇದೊಂದರಲ್ಲಿ ನಾನು ಗಟ್ಟಿಯಾಗಿ ಮಾತಾಡುತ್ತೇನೆ. ಸಾಲ ಮಾಡಿ ಬಟ್ಟೆ ತಂದು, ಶಾಲೆಯ ದುಡ್ಡಿಗೆ ಮೂರು ತಿಂಗಳು ಕಾಯುವ ಸಂಘ ಮುಳುಗುತ್ತದೆ.

ದುಡ್ಡಿನ ಪೆಟ್ಟಿಗೆಯ ವಿಷಯವೂ ಇದೆ. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಇದ್ದವರಿಗೆ ಬೇಗ ಅರ್ಥವಾಗುತ್ತದೆ. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಸಂಸ್ಥೆ ಶುರು ಮಾಡಿದ ಉಳಿತಾಯದ ರೀತಿ ಈಗ ಉಗಾಂಡಾದ ಹಳ್ಳಿಹಳ್ಳಿಯಲ್ಲಿದೆ. ಕಬ್ಬಿಣದ ಪೆಟ್ಟಿಗೆ, ಮೂರು ಬೀಗ, ಮೂರು ಕೀಲಿ ಮೂವರು ಹೆಂಗಸರ ಹತ್ತಿರ, ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ಎಲ್ಲರ ಎದುರೇ ತೆಗೆಯುತ್ತಾರೆ, ಕೊಂಡ ಪಾಲಿಗೆ ಪುಸ್ತಕದಲ್ಲಿ ಮೊಹರು ಒತ್ತುತ್ತಾರೆ. ನಮ್ಮಲ್ಲಿ ದುಡ್ಡು ಬ್ಯಾಂಕಿನಲ್ಲಿ ಬೆಳೆಯುತ್ತಾ ಹೋಗುತ್ತದೆ, ಅಲ್ಲಿ ವರ್ಷದ ಕೊನೆಗೆ ಬಡ್ಡಿ ಸಮೇತ ಹಂಚಿಕೊಂಡುಬಿಡುತ್ತಾರೆ. ನೀವು ಆ ಪೆಟ್ಟಿಗೆಗೆ ದುಡ್ಡು ಹಾಕಬೇಡಿ, ಕೀಲಿ ಹಿಡಿಯಬೇಡಿ. ಹೊರಗಿನ ದುಡ್ಡು ಬಂದ ಪೆಟ್ಟಿಗೆಯ ಸಾಲ ತೀರಿಸಲು ಯಾರಿಗೂ ಅವಸರ ಇರುವುದಿಲ್ಲ.

ಮಾರಿಕೊಡುತ್ತೇನೆ ಎನ್ನುವ ಮುಂಚೆ

ಅಚ್ಚು ಹಾಕಿದ ಕಿಟೆಂಗೆ ಎಂಬ ಹತ್ತಿ ಬಟ್ಟೆಯ ಬಣ್ಣ ನೋಡಿದರೆ ಎಂಥವರಿಗೂ ಆಸೆಯಾಗುತ್ತದೆ. ಚೀಲ ಹೊಲಿಯಿರಿ, ಬೆಂಗಳೂರಿನಲ್ಲಿ ಮಾರಿಕೊಡುತ್ತೇನೆ ಎಂದು ಬಾಯಿಗೆ ಬರುತ್ತದೆ. ಹೇಳಬೇಡಿ. ಒಂದು ಸಲದ ದೊಡ್ಡ ಆರ್ಡರಿಗಾಗಿ ಅವರು ಊರಿನ ಗಿರಾಕಿಗಳನ್ನು ಕಾಯಿಸುತ್ತಾರೆ, ಮುಂದಿನ ವರ್ಷ ನಿಮ್ಮ ಆರ್ಡರೂ ಇಲ್ಲ, ಗಿರಾಕಿಗಳೂ ಇಲ್ಲ. ಬೇಕಾದಷ್ಟು ಚೀಲ ಪೂರ್ತಿ ದರ ಕೊಟ್ಟು ನಗದಿಗೆ ಕೊಳ್ಳಿ, ಇದು ಈ ಸಲಕ್ಕೆ ಮಾತ್ರ ಎಂದು ಹೇಳಿಯೇ ಕೊಳ್ಳಿ. ಮರದ ತೊಗಟೆ ಬಡಿದು ಮಾಡುವ ಬಟ್ಟೆಯನ್ನೂ ಆ ಕಡೆ ಕಾಣುತ್ತೀರಿ. ಯುನೆಸ್ಕೊ 2005ರಲ್ಲಿ ಆ ಕಸುಬಿಗೆ ಮಾನವಕುಲದ ಪರಂಪರೆ ಎಂಬ ಮನ್ನಣೆ ಕೊಟ್ಟಿದೆ. ಸತ್ತವರಿಗೆ ಹೊದಿಸುವ, ರಾಜಮನೆತನದ ಕಾರ್ಯಗಳಲ್ಲಿ ಬಳಸುವ ಬಟ್ಟೆ ಅದು. ಅದರಲ್ಲಿ ಪರ್ಸು ಮಾಡೋಣ ಅಂತ ನೀವಾಗಿ ಸೂಚಿಸಬೇಡಿ.

ಹೊರಡುವ ಎರಡು ವಾರ ಮುಂಚೆಯಿಂದ ಮೆಷಿನ್ ಮುಟ್ಟುವುದನ್ನು ನಿಲ್ಲಿಸಿ. ಏನಾದರೂ ಕೆಟ್ಟರೆ ಕಲಿತ ಇಬ್ಬರೇ ಬಿಚ್ಚಲಿ. ಅವರಲ್ಲಿ ಒಬ್ಬರನ್ನು ಕರೆದುಕೊಂಡು ಕಂಪಾಲಾದ ಕಿಯೆಂಬೆ ಗಲ್ಲಿಗೆ ಒಮ್ಮೆ ಹೋಗಿಬನ್ನಿ. ಬಟ್ಟೆ, ಲೈನಿಂಗು, ಗುಂಡಿಯ ಸಗಟು ಬೆಲೆ ಅವರೇ ಚೌಕಾಶಿ ಮಾಡಿ ಬರೆದುಕೊಳ್ಳಲಿ. ನೀವು ಜೊತೆಗೆ ನಿಂತರೆ ಬೆಲೆ ಏರುತ್ತದೆ, ಸ್ವಲ್ಪ ದೂರದಲ್ಲಿರಿ. ಬಿಟ್ಟು ಬರುವ ಬಿಡಿಭಾಗಗಳನ್ನು ಸಂಘದ ಪುಸ್ತಕದಲ್ಲಿ ಬರೆಸಿ, ಅಧ್ಯಕ್ಷೆಯ ಸಹಿ ಹಾಕಿಸಿ, ಯಾರೊಬ್ಬರ ಕೈಗೂ ಗುಟ್ಟಾಗಿ ಕೊಡಬೇಡಿ. ಆಮೇಲೆ ವಾಟ್ಸಾಪಿನಲ್ಲಿ ಮೆಷಿನ್‌ನ ಫೋಟೊ ಬಂದರೆ ಅವತ್ತೇ ಉತ್ತರ ಕೊಡಿ, ಅಲ್ಲಿ ಕೆಲಸ ನಿಂತಿರುತ್ತದೆ. 14 ನಂಬರಿನ ಸೂಜಿ ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. ಪರಿಚಯದವರು ಯಾರಾದರೂ ಎಂಟೆಬ್ಬೆ ವಿಮಾನ ಹತ್ತುತ್ತಿದ್ದರೆ ಅವರ ಕೈಯಲ್ಲಿ ಒಂದೆರಡು ಡಬ್ಬಿ ಕಳಿಸಿ.